ಹೊಗೆ ಮೂಸುವವರು

ಊರವರ ಮೀಟರು ಓದುವುದು ನನ್ನ ನೌಕರಿ.
ಗೋಪಾಳದಿಂದ ಗಾಜನೂರಿನವರೆಗೆ
ಯಾರ ಮನೆಯಲ್ಲಿ ಎಷ್ಟು ಉರಿಯಿತು, ಬಾಯಿಪಾಠ.
ನನ್ನದೇ ಬೈಕಿನ ಮೀಟರಿನಲ್ಲಿ
ಎರಡು ತಿಂಗಳಿಂದ ಹಳದಿ ದೀಪ.
ಓದಲು ಬಾರದವನ ಹಾಗೆ ಓಡಿಸಿದೆ.

ಕೊನೆಗೆ ಸೈಲೆನ್ಸರು ಬೆಂಡಿನ ಹತ್ತಿರ ತೂತುಬಿದ್ದು
ನಾನು ಬೀದಿಗೆ ಬರುವ ಮೊದಲೇ
ನನ್ನ ಸುದ್ದಿ ಬರತೊಡಗಿತು.
ನಾಯಿಗಳು ಎದ್ದು ನಿಂತವು.
ಬಿಲ್ಲು ಕಟ್ಟದವರು ಬಾಗಿಲು ಹಾಕಿಕೊಂಡರು.

ಶೋರೂಮಿನವನು ಹೇಳಿದ ರೇಟಿಗೆ
ನನ್ನ ಮೊದಲ ಬೈಕೇ ಬಂದಿತ್ತು.
ಹಾಗಾಗಿ ಭಾನುವಾರ, ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ
ಗೋಣಿಚೀಲ ಹಾಸಿ ಕೂತೆ.
ಪಾರ್ಸೆಲ್ಲಿನಲ್ಲಿ ಬಂದ ಪೈಪು, ಬೆರಳುದ್ದದ ಸೆನ್ಸರು;
ಸ್ಪ್ಯಾನರು ಎದುರುಮನೆಯದು.

ಸ್ಪ್ಯಾನರಿನ ಹಿಂದೆಯೇ ಆರೋಗ್ಯಪ್ಪ ಬಂದ,
ಕೊಟ್ಟ ಸಾಮಾನಿನ ಮೇಲೆ ಕಣ್ಣಿಡುವ ನೆಪ.
ಗಾರ್ಡನ್ ಏರಿಯಾದಲ್ಲಿ ನಲವತ್ತು ವರ್ಷ ಅವನ ಗ್ಯಾರೇಜು.
ಹೊಗೆ ಮೂಸಿ ಹೇಳುತ್ತಿದ್ದನಂತೆ:
ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ,
ಇವನು ನಿನ್ನೆ ಸೀಮೆಎಣ್ಣೆ ಬೆರೆಸಿದ್ದಾನೆ.
ಆ ವರ್ಷದ ಜ್ವರ ಎಲ್ಲರಿಗೂ ಬಂದು ಹೋಯಿತು,
ಹೋಗುವಾಗ ಅವನ ಮೂಗನ್ನು ಒಯ್ದಿತು.
ಹೆಂಡತಿ ಲೂರ್ದಮ್ಮ ಹುರಿಯುವ ಒಣಮೀನು
ಈಗ ಅವನಿಗೆ ಬರೀ ಸದ್ದು.

"ನಟ್ಟಿಗೆ ನಿನ್ನೆಯೇ ಎಣ್ಣೆ ಬಿಟ್ಟೆಯಾ?"
ಬಿಟ್ಟಿದ್ದೆ.
"ಹಾಗಾದರೆ ಎಳೀಬೇಡ. ಕೇಳು."
ನಟ್ಟನ್ನು ಕೇಳುವುದು ಹೇಗೆ?
ಸ್ವಲ್ಪ ಬಿಗಿ ಮಾಡು, ಸ್ವಲ್ಪ ಸಡಿಲಿಸು, ಕಿರ್ ಅಂದರೆ ನಿಲ್ಲು.
ಮುನಿದ ಸೋದರಮಾವನನ್ನು ಊಟಕ್ಕೆಬ್ಬಿಸಿದಂತೆ
ಹಿಂದೆ ಮುಂದೆ, ಹಿಂದೆ ಮುಂದೆ.
ಮೊದಲನೆಯದು ಬಂತು.
ಎರಡನೆಯದು ಅರ್ಧದಲ್ಲಿ ಕಟಕ್ ಅಂದಾಗ
ನನ್ನ ಹೊಟ್ಟೆಯೊಳಗೆ ಏನೋ ಮುರಿಯಿತು.
ಮುರಿದದ್ದು ತುಕ್ಕು ಮಾತ್ರ. ಸ್ಟಡ್ಡು ಉಳಿದಿತ್ತು.
ಹಳೆ ಪೈಪು ಕೈಗೆ ಬಂತು, ಅಲುಗಿಸಿದರೆ
ಒಳಗೆ ಗಲಗಲ: ಪುಡಿಯಾದ ಜೇನುಗೂಡು.

ಹೊಸ ಸೆನ್ಸರು ಅವನ ಅಂಗೈಯಲ್ಲಿಟ್ಟೆ.
"ತುದಿ ಮುಟ್ಟಬೇಡಿ."
"ಏನು ಮಾಡುತ್ತೆ ಇದು?"
"ಹೊಗೆ ಮೂಸುತ್ತೆ. ಪೆಟ್ರೋಲು ಜಾಸ್ತಿಯೋ ಗಾಳಿ ಜಾಸ್ತಿಯೋ
ಮೂಸಿ, ಸೀಟಿನ ಕೆಳಗಿನ ಡಬ್ಬಿಗೆ ಹೇಳುತ್ತೆ."
ಬಹಳ ಹೊತ್ತು ತಿರುಗಿಸಿ ನೋಡಿದ.
ತುದಿಗೆ ಉಕ್ಕಿನ ಟೋಪಿ, ಟೋಪಿಗೆ ಸಣ್ಣ ಕಿಂಡಿಗಳು,
ಹಿಂದೆ ಇಲಿಬಾಲದಂಥ ವೈರು.
"ಎಷ್ಟು ಕೊಟ್ಟೆ?"
ಎರಡು ಸಾವಿರದ ಮುನ್ನೂರು.
"ನನ್ನ ಮೂಗಿಗೆ ಯಾರೂ ಬೇರೆ ಬಿಲ್ಲು ಕೊಡಲಿಲ್ಲ ನೋಡು."
ಅವನು ನಗಲಿಲ್ಲ. ನಕ್ಕದ್ದು ನಾನೇ, ತಪ್ಪಾಗಿ.

ಹಳೆಯ ಸೆನ್ಸರು ಮಸಿ ಕುಡಿದು ಕಪ್ಪಾಗಿತ್ತು.
ಬಿಸಾಡಲು ಹೋದರೆ "ಇರಲಿ ಕೊಡು" ಅಂತ
ಅಂಗಿಜೇಬಿಗೆ ಹಾಕಿಕೊಂಡ.

ಹೊಸ ತಾಮ್ರದ ಉಂಗುರ, ಹೊಸ ಪೈಪು,
ಎರಡೂ ನಟ್ಟಿಗೆ ಸರದಿಯಲ್ಲಿ ಒಂದೊಂದು ಸುತ್ತು.
ಆಮೇಲೆ ಥಿನ್ನರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ.
ಬೆರಳ ಗುರುತು ಉಳಿದರೆ ಮೊದಲ ಬಿಸಿಗೇ
ಸುಟ್ಟು ಕೂರುತ್ತದೆ, ಮತ್ತೆ ಹೋಗುವುದಿಲ್ಲ.
ಇದೂ ಅವನೇ ಹೇಳಿಕೊಟ್ಟದ್ದು.
ಕೀ ತರಲು ಒಳಗೆ ಹೋದೆ. ಬಂದೆ.

ಸೆಲ್ಫು ಒತ್ತಿದರೆ ಮೊದಲು ಬಿಳಿ ಹೊಗೆ, ಪೈಪಿನ ಮೈಯೆಣ್ಣೆ.
ಲೂರ್ದಮ್ಮ ಜಗಲಿಯಲ್ಲಿ ಸೆರಗು ಮೂಗಿಗಿಟ್ಟಳು.
ಆಮೇಲೆ ತರಗತಿಗೆ ಹೆಡ್ಮಾಷ್ಟ್ರು ಕಾಲಿಟ್ಟಂತೆ
ಸದ್ದು ತಗ್ಗಿತು.
ಆರೋಗ್ಯಪ್ಪ ಮರೆತು
ಹಿಂದಕ್ಕೆ ಹೋದ, ಮಂಡಿ ಹಿಡಿದು ಬಾಗಿದ,
ಬೊಗಸೆಯಲ್ಲಿ ಹೊಗೆ ಮೊಗೆದು ಮುಖಕ್ಕೆ ತಂದ.
ಹಾಗೇ ನಿಂತ.

"ಏ ಲೂರ್ದು, ಹೆಂಗಿದೆ ವಾಸನೆ? ಬಂದು ಹೇಳು."
ಬಂದಳು. ಮೂಸಿದಳು. ಮತ್ತೊಮ್ಮೆ ಮೂಸಿದಳು.
"ಏನೂ ಇಲ್ಲ ಕಣ್ರೀ. ವಾಸನೇನೇ ಇಲ್ಲ."
"ಹಂಗಾದ್ರೆ ತಪ್ಪು ಬರೀ ನನ್ನ ಮೂಗಿಂದಲ್ಲ"
ಅಂತ ಸ್ಪ್ಯಾನರು ಎತ್ತಿಕೊಂಡು ಹೋದ.

ಮಂಗಳವಾರ ಹಳದಿ ದೀಪ ಆರಿತು.
ಗುರುವಾರ ಗಾಜನೂರಿನಲ್ಲಿ ಬೈಕು ನಿಲ್ಲಿಸಿ ಬಗ್ಗಿದಾಗ ಕಂಡೆ:
ಬೆಂಡಿನ ಮೇಲೆ, ಕಂದುಬಣ್ಣಕ್ಕೆ ಸುಟ್ಟು ಕೂತ
ಒಂದು ಹೆಬ್ಬೆರಳು.
ನನ್ನದಕ್ಕಿಂತ ಅಗಲ. ಅಡ್ಡಕ್ಕೊಂದು ಹಳೆ ಗಾಯದ ಗೆರೆ.

ಥಿನ್ನರು ಇನ್ನೂ ಅರ್ಧ ಬಾಟಲಿ ಇದೆ ಮನೆಯಲ್ಲಿ.